ಸಿಡುಕಿಗೆ ದಿನಕ್ಕೆ ತೊಂಬತ್ತು

ಜನವರಿ 9

ಮೆಡಿಕಲ್ ಶಾಪಿನ ಮೇಡಂ ಅವರಿಗೆ,

ನಿಮ್ಮ ಕೌಂಟರಿನ ಕನ್ನಡಕದಮ್ಮ, "ಹತ್ತು ಸ್ಟ್ರಿಪ್ಪಿಗಿಂತ ಜಾಸ್ತಿ ಬೇಕಾದರೆ ಯಾರಿಗೆ, ಯಾಕೆ ಅಂತ ಬರೆದುಕೊಡಬೇಕು, ಮೇಡಂ ಆರ್ಡರು" ಅಂದರು. ಮೇಡಂ ಒಳಗೇ ಕೂತಿದ್ದರು. ಪರದೆಯ ಕೆಳಗೆ ಚಪ್ಪಲಿ ಕಾಣಿಸುತ್ತಿತ್ತು. ಒಡಹುಟ್ಟಿದವನು ಎರಡು ವರ್ಷದ ಮೇಲೆ ಬಂದು ನಿಂತರೂ ಆ ಚಪ್ಪಲಿ ಅಲುಗಲಿಲ್ಲ. ಇರಲಿ, ಬರೆದೇ ಕೊಡುತ್ತಿದ್ದೇನೆ. ನನ್ನ ಫೋನನ್ನಂತೂ ನೀವು ಎತ್ತುವವರಲ್ಲ.

ಯಾರಿಗೆ: ಸಿಡುಕಿಗೆ. ಸವಾರಿ ಶಾಲೆಯ ಕಂದು ಕುದುರೆ, ಹೆಣ್ಣು, ಹದಿನಾಲ್ಕು ವರ್ಷ, ನಾನೂರೈವತ್ತು ಕಿಲೋ.

ಯಾಕೆ: ಹೊಟ್ಟೆಯಲ್ಲಿ ಹುಣ್ಣು. ದಾಣಿ ಅರ್ಧಕ್ಕೇ ಬಿಡುತ್ತಾಳೆ. ಹಲ್ಲು ಕಡಿಯುತ್ತಾಳೆ. ಜೀನಿನ ಹೊಟ್ಟೆಪಟ್ಟಿ ಬಿಗಿಯಲು ಹೋದರೆ ತಿರುಗಿ ಕಚ್ಚುತ್ತಾಳೆ. ನನ್ನ ಎಡಭುಜದಲ್ಲಿ ಪುರಾವೆ ಇದೆ, ಬೇಕಾದರೆ ಲಗತ್ತಿಸುತ್ತೇನೆ.

ಏನು: ಮನುಷ್ಯರು ಅಸಿಡಿಟಿಗೆ ನುಂಗುವ ಕ್ಯಾಪ್ಸೂಲು, ಇಪ್ಪತ್ತು ಮಿಲಿಗ್ರಾಮಿನದು. ಮೊದಲ ವಾರ ನಾವು ಚೀಪುವ ಗುಲಾಬಿ ಮಾತ್ರೆ ದಿನಕ್ಕೆ ಎರಡರಂತೆ ಕೊಟ್ಟೆ. ಅವಳು ಚಪ್ಪರಿಸಿ ಇನ್ನೂ ಕೇಳಿದಳು, ಅಷ್ಟೇ ಗುಣ. ಆಮೇಲೆ ಓದಿ ತಿಳಿದುಕೊಂಡೆ. ಕಿಲೋಗೆ ನಾಲ್ಕು ಮಿಲಿಗ್ರಾಂ ಅಂದರೆ ದಿನಕ್ಕೆ ತೊಂಬತ್ತು ಕ್ಯಾಪ್ಸೂಲು. ಹತ್ತು ದಿನಕ್ಕೆ ಒಂಬೈನೂರು ಕೊಡಿ.

ಕುದುರೆಗೆಂದೇ ಮಾಡಿದ ಪೇಸ್ಟು ಇದೆ, ಗೊತ್ತು. ಅದಕ್ಕೆ ಕುದುರೆ ಡಾಕ್ಟರ ಸಹಿ ಬೇಕು. ಈ ಊರಿನಲ್ಲಿ ಕುದುರೆ ಡಾಕ್ಟರು ಒಬ್ಬನೇ, ನಿಮ್ಮ ಮಾಜಿ ಪತಿ. ಅವನ ಸಹಿ ಇದ್ದ ಕಾಗದ ನಮ್ಮ ಮನೆಗೆ ಒಂದು ಬಂದದ್ದೇ ಸಾಕು.

ನಮ್ಮ ಮಾಲೀಕರು ಹೇಳಿಬಿಟ್ಟಿದ್ದಾರೆ: "ಮಾರ್ಚ್ ಹದಿನೈದರೊಳಗೆ ಅದರ ಬೆನ್ನ ಮೇಲೆ ಜನ ಕೂರಬೇಕು, ಇಲ್ಲದಿದ್ದರೆ ಲಾರಿ ಹತ್ತಿಸು." ಆ ಲಾರಿ ಹತ್ತಿದ ಕುದುರೆ ಇನ್ನೊಂದು ಲಾಯದಲ್ಲಿ ಇಳಿದದ್ದನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ಸಿಡುಕಿ ಹುಟ್ಟಿದಾಗ ಅವಳ ಒದ್ದೆ ಮೈ ಒರೆಸಿದವನು ನಾನು. ನಿಮಗೆ ಇದೆಲ್ಲ ಬೇಡ, ಗೊತ್ತು. ಯಾಕೆ ಅಂತ ಕೇಳಿದ್ದಿರಲ್ಲ, ಅದಕ್ಕೆ ಬರೆದೆ.

ಲಾಯದ ಮೇಲ್ವಿಚಾರಕ
(ತಮ್ಮ ಎಂದೂ ಓದಿಕೊಳ್ಳಬಹುದು)


ಜನವರಿ 11

ಲಾಯದ ಮೇಲ್ವಿಚಾರಕರಿಗೆ,

ಚಪ್ಪಲಿ ಕಂಡಿತು, ಗೋಡೆಯ ಬೋರ್ಡು ಕಾಣಲಿಲ್ಲವೇನೋ? "ಕಾಲು ಒರೆಸಿಕೊಂಡು ಬನ್ನಿ" ಅಂತ ಇದೆ. ನೀನು ಬೂಟಿಗೆ ಲದ್ದಿ ಮೆತ್ತಿಕೊಂಡು ಬಂದು ನಿಂತೆ. ನೆಗಡಿಯ ಔಷಧಿಗೆ ಬಂದಿದ್ದ ಮೂವರು ಮೂಗು ತಾನಾಗಿ ತೆರೆದುಕೊಂಡಿತು ಅಂತ ವಾಪಸ್ ಹೋದರು.

ಒಂಬೈನೂರು ಕ್ಯಾಪ್ಸೂಲು ಈ ಪೆಟ್ಟಿಯಲ್ಲಿದೆ. ನಿನ್ನ ಮುಖ ನೋಡಿ ಕೊಡುತ್ತಿಲ್ಲ, ಅವಳದನ್ನು ನೆನೆದು ಕೊಡುತ್ತಿದ್ದೇನೆ. ಅರ್ಧ ಟನ್ ಪ್ರಾಣಿಗೆ ಎರಡು ಚೀಪುವ ಮಾತ್ರೆ ಕೊಟ್ಟು ಒಂದು ವಾರ ಕಾದೆಯಲ್ಲ, ಕೆರೆಗೆ ಚಿಟಿಕೆ ಉಪ್ಪು ಹಾಕಿ ದಡದಲ್ಲಿ ನಾಲಿಗೆ ಚಾಚಿ ಕೂತ ಹಾಗಾಯಿತು. ದಿನವೂ ಎತ್ತುವುದು ಲದ್ದಿ, ಅದಕ್ಕೇ ಹೀಗಾಗಿದೆ ಬುದ್ಧಿ.

ಹುಣ್ಣು ಅಂತ ಹೇಳಿದವರು ಯಾರು? ನೀನು ಒಳಗಿಳಿದು ನೋಡಿ ಬಂದೆಯಾ? ಚೀಟಿ ಇಲ್ಲದೆ ಸಿಗುವ ಮದ್ದನ್ನು ಚಿಂತೆ ಇಲ್ಲದೆ ಕೊಡಬಹುದು ಅಂತ ನಿನಗೆ ಯಾರು ಹೇಳಿದರು? ನನ್ನ ಗಿರಾಕಿಗಳು ಎರಡು ಕಾಲಿನವರು, ಅವರ ವಿಷಯ ಮಾತ್ರ ನಾನು ಬಲ್ಲೆ. ಆತನನ್ನು ಕರೆಸು.

ಸಹಿಯ ಮಾತು ಎತ್ತಿದೆ. ಆ ಕಾಗದದಲ್ಲಿ ಸಹಿ ಎರಡಿತ್ತು. ಮೇಲಿನದು ನನ್ನದು. ನೀನು ಮೊದಲಿನಿಂದಲೂ ಯಾವುದನ್ನೂ ಪೂರ್ತಿ ಓದಿದವನಲ್ಲ.

ಅಂಗಡಿಯವಳು


ಜನವರಿ 24

ಮೇಡಂ ಅವರಿಗೆ,

ಅಕ್ಕ ಅಂತ ಶುರುಮಾಡಲು ಪೆನ್ನು ಹೊರಟಿತ್ತು. ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿದೆ, ನಿಂತುಹೋಯಿತು.

ಹತ್ತು ದಿನದ ಕ್ಯಾಪ್ಸೂಲು ಮುಗಿದು ಮೂರು ದಿನವಾಯಿತು. ನಡುವೆ ಎರಡು ದಿನ ದಾಣಿ ಪೂರ್ತಿ ತಿಂದಳು. ನಾನು ಲಾಯದಲ್ಲಿ ಶಿಳ್ಳೆ ಹಾಕುತ್ತ ಓಡಾಡಿದೆ. ಮೂರನೆಯ ದಿನ ಬಕೆಟ್ಟು ಒದ್ದಳು. ಮತ್ತೆ ಹಲ್ಲು ಕಡಿತ, ಮತ್ತೆ ಅರ್ಧ ದಾಣಿ. ಇನ್ನೂ ಹದಿನೈದು ದಿನದ್ದು ಕಳಿಸಿ.

ಅವನನ್ನು ಕರೆಸು ಅನ್ನುತ್ತೀರಿ. ಎರಡು ವರ್ಷದ ಹಿಂದೆ ಅವನು ಲಾಳ ನೋಡಲು ಬಂದಾಗ, ಸವಾರಿ ಕಲಿಯುವವರೆಲ್ಲ ನಿಂತಿರುವಾಗಲೇ, ಅವನ ಚೀಲ ಕಿತ್ತು ಲದ್ದಿ ಗುಂಡಿಗೆ ಎಸೆದೆ. "ನಮ್ಮಕ್ಕನ ಕೈ ಬಿಟ್ಟವನ ಕೈ ನಮ್ಮ ಕುದುರೆಯ ಮೈಗೆ ತಾಗಬಾರದು" ಅಂದೆ. ಮಾತು ಚೆನ್ನಾಗಿಯೇ ಬಂದಿತ್ತು, ನಾಲ್ಕು ಜನ ಚಪ್ಪಾಳೆ ಕೂಡ ತಟ್ಟಿದರು. ಅವನು ಗುಂಡಿಗಿಳಿದು ಚೀಲ ಎತ್ತಿಕೊಂಡು, ಒರೆಸಿ, "ಇನ್ನು ಮೇಲೆ ನೀನು ಕೈಯಾರೆ ಬರೆದು ಕರೆದರೆ ಮಾತ್ರ ಈ ಗೇಟು ದಾಟುತ್ತೇನೆ" ಅಂದು ಹೋದ. ಮಾಲೀಕರು ಫೋನ್ ಮಾಡಿದರೂ ಇದೇ ಉತ್ತರವಂತೆ.

ಅವನಿಗೆ ಬರೆಯುವುದೇ? ಅದಕ್ಕಿಂತ ಆ ಲಾರಿಯನ್ನು ನಾನೇ ಹತ್ತುತ್ತೇನೆ.

ನಿಮ್ಮ ಪರವಾಗಿ ನಿಂತು ನಿಮ್ಮಿಂದಲೇ ಬೈಸಿಕೊಳ್ಳುತ್ತಿರುವ,
ಲಾಯದವನು


ಜನವರಿ 26

ಲಾಯದವನಿಗೆ,

ನನ್ನ ಪರವಾಗಿ ನಿಲ್ಲು ಅಂತ ನಿನಗೆ ಅರ್ಜಿ ಹಾಕಿದವರು ಯಾರು? ನನ್ನ ಕೈಯನ್ನು ಯಾರೂ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ. ಹನ್ನೊಂದು ವರ್ಷ ಯೋಚನೆ ಮಾಡಿ, ಗಲಾಟೆ ಇಲ್ಲದೆ, ಅಂಗಡಿಯ ಕನ್ನಡಕದಮ್ಮನಿಗೂ ಹೇಳದೆ ಬಿಡಿಸಿಕೊಂಡೆ. ಒಂದು ತಿಂಗಳು ಕಳೆದ ಮೇಲೆ ಒಬ್ಬೊಬ್ಬರಿಗೇ ಹೇಳೋಣ ಅಂತಿದ್ದೆ. ಊರಿಗೆಲ್ಲ ಸುದ್ದಿ ಹೋದದ್ದು ನಿನ್ನ ಲದ್ದಿ ಗುಂಡಿಯ ಭಾಷಣದಿಂದ. ಮಾರನೆಯ ಬೆಳಿಗ್ಗೆ ಕೆಮ್ಮಿನ ಸಿರಪ್ಪು ಕೇಳಲು ಬಂದವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಎರಡು ವರ್ಷ ನಿನ್ನ ಜೊತೆ ಮಾತು ಯಾಕೆ ಬಿಟ್ಟೆ ಅಂತ ನೀನು ಒಮ್ಮೆಯೂ ಕೇಳಲಿಲ್ಲ. ಚಪ್ಪಾಳೆಯ ಸದ್ದಿನಲ್ಲಿ ಇದ್ದೆ.

ಕುದುರೆಗೆ ಹೊಟ್ಟೆ ಉರಿ, ನಿನಗೆ ಅದರ ಡಾಕ್ಟರ ಮೇಲೆ ಹೊಟ್ಟೆಕಿಚ್ಚು. ಒಂದಕ್ಕೆ ಮಾತ್ರ ನನ್ನ ಅಂಗಡಿಯಲ್ಲಿ ಮದ್ದಿದೆ. ಹದಿನೈದು ದಿನದ್ದು ಪೆಟ್ಟಿಯಲ್ಲಿದೆ, ಸಾವಿರದ ಮುನ್ನೂರೈವತ್ತು. ಪಕ್ಕದ ಬೀದಿಯ ಅಂಗಡಿಯಿಂದಲೂ ಎರವಲು ತರಬೇಕಾಯಿತು. "ಯಾರಿಗಪ್ಪಾ ಇಷ್ಟೊಂದು ಅಜೀರ್ಣ?" ಅಂತ ಅವರು ಕೇಳಿದರು. "ನಮ್ಮ ಮನೆಯವರಿಗೇ" ಅಂದೆ.

ಮೊದಲು ಉಪಾಯ, ಆಮೇಲೆ ಅಪಾಯ, ಕೊನೆಗೆ ಖಾಲಿ ಲಾಯ. ಹೀಗೇ ಮುಂದುವರಿ.

ಯಾರ ಕೈಯನ್ನೂ ಹಿಡಿಯದೆ ಬದುಕಿರುವ,
ಅಂಗಡಿಯವಳು


ಫೆಬ್ರವರಿ 12

ಅಕ್ಕಾ,

ನೀನು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಚೀಲ ಎಸೆಯುತ್ತಿದ್ದೆನೋ ಏನೋ. ಆದರೆ ಭಾಷಣ ಮಾಡುತ್ತಿರಲಿಲ್ಲ.

ಸಿಡುಕಿ ಸೊರಗಿದ್ದಾಳೆ. ಪಕ್ಕೆಲುಬು ಎಣಿಸಬಹುದು. ಮೈಯ ಕಂದು ಹೊಳಪು ಹೋಗಿ ಹಳೇ ಕಾಲೊರಸಿನ ಹಾಗಾಗಿದೆ. ನಿನ್ನೆ ಮಾಲೀಕರು ಬಾಗಿಲಲ್ಲೇ ನಿಂತು, ಒಳಗೂ ಬಾರದೆ, "ಲಾರಿಯವರಿಗೆ ಫೋನ್ ಮಾಡಿ ದಿನ ಹಿಡಿದಿಟ್ಟಿದ್ದೇನೆ" ಅಂದರು. ಹಲ್ಲಿನ ಡಾಕ್ಟರ ಹತ್ತಿರ ದಿನ ಹಿಡಿದ ಹಾಗೆ!

ನಾನು ಕಷ್ಟಪಡುತ್ತಿಲ್ಲ ಅಂತ ಮಾತ್ರ ಅನ್ನಬೇಡ. ಬೆಳಗಿನ ತರಗತಿ ಮುಗಿದ ಮೇಲೆ ಜೀನಿನ ಕೋಣೆಯಲ್ಲಿ ಕೂತು ತೊಂಬತ್ತು ಕ್ಯಾಪ್ಸೂಲಿನ ಟೋಪಿ ಬಿಚ್ಚುತ್ತೇನೆ. ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಕಾಳು. ಅಪ್ಪನ ಪಿಂಗಾಣಿ ಕುಟ್ಟಾಣಿ ನನ್ನ ಹತ್ತಿರವೇ ಇದೆಯಲ್ಲ, ಅದಕ್ಕೆ ಸುರಿದು ಅರೆಯುತ್ತೇನೆ. ಅಪ್ಪ ಕಾಂಪೌಂಡರ್ ಆಗಿದ್ದಾಗ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅರೆಸುತ್ತಿದ್ದರಲ್ಲ, "ಬೆರಳಿಗೆ ತರಿ ಸಿಕ್ಕಿದರೆ ಮತ್ತೆ ಶುರು" ಅಂತ, ಹಾಗೆಯೇ. ಒಂದು ಗಂಟೆ ಹಿಡಿಯುತ್ತದೆ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಮಾಡಿ, ತುರಿದ ಸೇಬು, ಬೂಸಾ ಕಲಸಿ ಕೊಡುತ್ತೇನೆ. ನನ್ನ ಬಲಗೈ ಹೆಬ್ಬೆರಳು ಊದಿದೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಇನ್ನೂ ಹದಿನೈದು ದಿನದ್ದು ಕಳಿಸುತ್ತೀಯಾ?

ತಮ್ಮ


ಫೆಬ್ರವರಿ 13

ತಮ್ಮಾ,

ಅರೆದೆಯಾ?

ಆ ಬಿಳಿ ಕಾಳು ಒಂದೊಂದಕ್ಕೂ ಕವಚ ಇರುತ್ತದೆ ಕಣೋ. ಹೊಟ್ಟೆಯ ಆಮ್ಲ ತಾಗಿದರೆ ಆ ಮದ್ದು ಸತ್ತುಹೋಗುತ್ತದೆ. ಅದಕ್ಕೇ ಕವಚ ತೊಡಿಸಿ, ಆಮ್ಲ ದಾಟಿಸಿ, ಕರುಳಿನಲ್ಲಿ ಕರಗುವ ಹಾಗೆ ಮಾಡಿರುತ್ತಾರೆ. ನೀನು ದಿನಕ್ಕೊಂದು ಗಂಟೆ ಕೂತು ಆ ಕವಚವನ್ನೇ ಒಡೆದು ಹಾಕಿದ್ದೀಯ. ಎರಡು ಸಾವಿರದ ಇನ್ನೂರೈವತ್ತು ಕ್ಯಾಪ್ಸೂಲು ತಿಂದಳು ಅಂದುಕೊಂಡೆವು. ಅವಳಿಗೆ ಸಿಕ್ಕಿದ್ದು ಹೆಚ್ಚೂಕಡಿಮೆ ಸೇಬು, ಬೂಸಾ ಮತ್ತು ನಿನ್ನ ಹೆಬ್ಬೆರಳು.

ಅಪ್ಪನ ಕಾಲದ ಮದ್ದು ಬೇರೆ. ಅದನ್ನು ಅರೆಯಬೇಕಿತ್ತು. ಇದು ನಮ್ಮ ಮನೆಯಲ್ಲಿ ಬೆಳೆದವರು ಮಾತ್ರ ಇಷ್ಟು ಶ್ರದ್ಧೆಯಿಂದ ಮಾಡುವ ತಪ್ಪು.

ಬೈಯಬೇಕು ಅಂತ ಕೂತೆ. ಬರುತ್ತಿಲ್ಲ. ಯಾಕೆಂದರೆ, ಯಾರೇ ಬಂದು ಮಾತ್ರೆ ಕೇಳಿದರೂ ನಾನು ಮೊದಲು ಕೇಳುವುದು "ಹೇಗೆ ತಗೋತೀರಿ?" ಅಂತ. ಇಪ್ಪತ್ತು ವರ್ಷದಿಂದ, ಕಿವಿ ಕೇಳದವರಿಗೂ ಕೂಗಿ ಕೇಳಿದ್ದೇನೆ. ನಿನ್ನನ್ನು ಕೇಳಲಿಲ್ಲ. ಎರಡು ಕಾಗದ ಬರೆದೆ, ಎರಡರಲ್ಲೂ ಪ್ರಾಸ ಹುಡುಕುತ್ತಿದ್ದೆ.

ಅರೆಯದೆ ಕೊಟ್ಟರೂ ಮನುಷ್ಯರ ಕಾಳು ಕುದುರೆಯ ಒಳಗೆ ಎಷ್ಟು ಹತ್ತುತ್ತದೆ, ನನಗೆ ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ. ಅದಕ್ಕೇ ಇನ್ನು ಕ್ಯಾಪ್ಸೂಲು ಕಳಿಸುವುದಿಲ್ಲ. ಈ ಪೆಟ್ಟಿಯಲ್ಲಿ ಒಂದು ಪೆನ್ನು, ಒಂದು ಲಕೋಟೆ, ನಾಲ್ಕು ಹಾಳೆ ಇದೆ. ವಿಳಾಸ ನಾನೇ ಬರೆದಿದ್ದೇನೆ. ಅದನ್ನು ಬರೆಯಲು ನನಗೆಷ್ಟು ಖುಷಿಯಾಗಿರಬಹುದು, ನೀನೇ ಯೋಚಿಸು.

ಬರೆ.

ಅಕ್ಕ


ಫೆಬ್ರವರಿ 17

ಕುದುರೆ ಡಾಕ್ಟರಿಗೆ,

ಮೂರು ಹಾಳೆ ಹರಿದು ಹಾಕಿ ನಾಲ್ಕನೆಯದರಲ್ಲಿ ಬರೆಯುತ್ತಿದ್ದೇನೆ. ಅವುಗಳಲ್ಲಿ ಇದ್ದದ್ದೆಲ್ಲ ಬೈಗುಳ. ಚೆನ್ನಾಗಿಯೇ ಇದ್ದವು.

ನಿಮ್ಮ ಚೀಲ ಎಸೆದದ್ದಕ್ಕೆ ನನಗೆ ಇವತ್ತಿಗೂ ಅಂಥ ಬೇಸರವಿಲ್ಲ. ಒಳಗಿದ್ದ ಥರ್ಮಾಮೀಟರು ಒಡೆಯಿತಂತೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಅದು ಯಾರ ತಂಟೆಗೂ ಹೋದದ್ದಲ್ಲ.

ಸಿಡುಕಿಗೆ ಹುಣ್ಣಾಗಿದೆ ಅಂದುಕೊಂಡು ಮನುಷ್ಯರ ಅಸಿಡಿಟಿ ಕ್ಯಾಪ್ಸೂಲು ಇಪ್ಪತ್ತೈದು ದಿನ ಕೊಟ್ಟೆ. ಅರೆದು ಕೊಟ್ಟೆ. ನಗಬೇಕಾದರೆ ಇಲ್ಲಿ ನಕ್ಕುಬಿಡಿ, ಮುಂದಿನದಕ್ಕೆ ನಗು ಬರುವುದಿಲ್ಲ.

ನಿನ್ನೆ ಬೆಳಗಿನಿಂದ ಅವಳು ನೀರು ಬಿಟ್ಟು ಏನೂ ಮುಟ್ಟಿಲ್ಲ. ಮಲಗುತ್ತಾಳೆ, ತಲೆ ತಿರುಗಿಸಿ ಹೊಟ್ಟೆಯನ್ನೇ ನೋಡುತ್ತಾಳೆ, ಏಳುತ್ತಾಳೆ. ಇವತ್ತು ನೋಡೋಣ ಅಂತ ಹೊಟ್ಟೆಪಟ್ಟಿ ಹಿಡಿದು ಹೋದೆ. ಬಿಗಿದೆ. ಕಚ್ಚಲಿಲ್ಲ. ಸುಮ್ಮನೆ ನಿಂತಿದ್ದಳು. ಅವಳು ಕಚ್ಚದೇ ಇದ್ದದ್ದು ಇದೇ ಮೊದಲು.

ಬನ್ನಿ ಭಾವ.

ಆ ಪದ ಹೊಡೆದು ಹಾಕೋಣ ಅಂದುಕೊಂಡೆ. ಹಾಳೆ ಕೊಳೆಯಾಗುತ್ತದೆ, ಇನ್ನೊಂದು ಇಲ್ಲ.

ಸವಾರಿ ಶಾಲೆಯವನು


ಫೆಬ್ರವರಿ 17

ಸವಾರಿ ಶಾಲೆಯವನಿಗೆ,

ಕಾಗದ ತಂದವರ ಕೈಯಲ್ಲೇ ಉತ್ತರ ಕೊಡುತ್ತಿದ್ದೇನೆ.

ಇವತ್ತೇ ಹನ್ನೆರಡು ಗಂಟೆಗೆ ಬರುತ್ತೇನೆ. ನಿನ್ನೆಯಿಂದ ತಿಂದಿಲ್ಲವೆಂದರೆ ಹೊಟ್ಟೆ ಖಾಲಿ ಇದೆ, ಕ್ಯಾಮೆರಾ ನಳಿಕೆ ಇಳಿಸಿ ನೋಡಲು ಅಷ್ಟು ಅನುಕೂಲ. ಇಡೀ ಪ್ರಕರಣದಲ್ಲಿ ನಿನ್ನಿಂದ ಆದ ಉಪಕಾರ ಇದೊಂದೇ, ಅದೂ ನೀನು ಮಾಡಿದ್ದಲ್ಲ. ಅವಳನ್ನು ನಿಲ್ಲಿಸಿ ನಿಧಾನ ನಡೆಸುತ್ತಿರು. ಬಾಯಿಗೆ ಏನೂ ಹಾಕಬೇಡ. ನೀನೂ ಬಾಯಿ ತೆರೆಯಬೇಡ. ಎಲ್ಲಿ ನೋವು ಅಂತ ಕುದುರೆಯೇ ಹೇಳುತ್ತದೆ. ಹನ್ನೊಂದು ವರ್ಷದಲ್ಲಿ ನಿಮ್ಮ ಮನೆಯವರು ಯಾರೂ ನನಗೆ ಅಷ್ಟು ಸ್ಪಷ್ಟವಾಗಿ ಹೇಳಿದ್ದಿಲ್ಲ.

ಲಕೋಟೆಯ ಮೇಲಿನ ಅಕ್ಷರ ಯಾರದೆಂದು ಗೊತ್ತಾಯಿತು. ಅದಕ್ಕೆ ಒಡೆದೆ.

ಕುದುರೆ ಡಾಕ್ಟರ್


ಮಾರ್ಚ್ 16

ಅಕ್ಕಾ,

ಒಂದು ತಿಂಗಳು ಬರೆಯಲಿಲ್ಲ. ಬರೆದರೆ ಸಿಡುಕಿ ಕೈತಪ್ಪಿ ಹೋಗುತ್ತಾಳೇನೋ ಅಂತ ಹೆದರಿಕೆ. ಈಗ ಬರೆಯಬಹುದು.

ಅವತ್ತು ಮೂಗಿನಿಂದ ನಳಿಕೆ ಇಳಿಸಿದರು, ಮೂರು ಮೀಟರು. ಪುಟ್ಟ ಪರದೆಯ ಮೇಲೆ ಅವಳ ಹೊಟ್ಟೆ ಕಂಡಿತು. ಗುಲಾಬಿ ಗೋಡೆ, ಅದರ ತುಂಬ ಯಾರೋ ಸಿಗರೇಟು ಆರಿಸಿದ ಹಾಗೆ ಗುಂಡಿ. ಅವರೇ ಕೇಳಿದರು:

"ಸಿಡುಕಿ ಅಂತ ಹೆಸರಿಟ್ಟವರು ಯಾರು?"

"ನಾನೇ. ಐದು ವರ್ಷದವಳಿದ್ದಾಗ. ಜೀನು ಹಾಕಿಸಿಕೊಳ್ಳೋಕೆ ಶುರುಮಾಡಿದ ವರ್ಷದಿಂದ ಕಚ್ಚುತ್ತಿದ್ದಳು."

"ಅಂದರೆ ಒಂಬತ್ತು ವರ್ಷದಿಂದ ಹೊಟ್ಟೆ ನೋಯುತ್ತಿದೆ ಅಂತ ಹೇಳುತ್ತಿದ್ದಾಳೆ. ನೀನು ಅದನ್ನೇ ಅವಳ ಹೆಸರು ಮಾಡಿದೆ."

ಅಕ್ಕಾ, ಚೀಲದ ಬದಲು ಅವರು ನನ್ನನ್ನೇ ಗುಂಡಿಗೆ ಎಸೆದಿದ್ದರೆ ಸಮಾಧಾನವಾಗುತ್ತಿತ್ತು.

ಕುದುರೆಯ ಹೊಟ್ಟೆ ಮೇವು ಇರಲಿ ಇಲ್ಲದಿರಲಿ ಹಗಲೂ ರಾತ್ರಿ ಆಮ್ಲ ಸುರಿಸುತ್ತಲೇ ಇರುತ್ತದಂತೆ. ಅದಕ್ಕೆ ಯಾವಾಗಲೂ ಮೆಲ್ಲುತ್ತಿರಬೇಕು. ಜೊಲ್ಲು ಇಳಿದರೆ ಉರಿ ಆರುತ್ತದೆ. ನಮ್ಮ ಮಾಲೀಕರದು ಗಡಿಯಾರದ ಕಾನೂನು, ಬೆಳಿಗ್ಗೆ ಆರು, ಸಂಜೆ ಆರು. ನಡುವೆ ಒಣಹುಲ್ಲು ಹಾಕಿದರೆ ನೆಲ ಗಲೀಜಾಗುತ್ತದೆ, ನೋಡಲು ಬಂದವರಿಗೆ ಚೆನ್ನಾಗಿರುವುದಿಲ್ಲ ಅಂತ. ಆ ನೆಲವನ್ನು ನಾನೇ ಗುಡಿಸಿ ಹೊಳೆಯಿಸುತ್ತಿದ್ದೆ, ಹೆಮ್ಮೆಯಿಂದ.

ಅವರೇ ಸಹಿ ಹಾಕಿ ಪೇಸ್ಟು ತರಿಸಿದರು. ದಿನಾ ಒಂದು ಕೊಳವೆ, ನಾಲಿಗೆಯ ಮೇಲೆ. ಹಗಲೆಲ್ಲ ಹಿಂದಿನ ಬಯಲಲ್ಲಿ ಹುಲ್ಲು. ಎರಡು ವಾರಕ್ಕೆ ಬಕೆಟ್ಟಿನ ತಳ ನೆಕ್ಕಿದಳು. ಮೂರು ದಿನಕ್ಕೊಮ್ಮೆ ಬಂದು ನೋಡುತ್ತಿದ್ದರು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ.

ನಿನ್ನೆ ಲಾರಿ ಬಂತು. ಭಾನುವಾರದ ತರಗತಿ, ಸವಾರಿ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಬೇಲಿಗೆ ಒರಗಿ ನಿಂತಿದ್ದರು. ಭಾವನೂ ಬಂದಿದ್ದರು. "ಇನ್ನೂ ಒಂದು ತಿಂಗಳು ಜೀನು ಹಾಕಬಾರದು" ಅಂದರು. ಮಾಲೀಕರು, "ಗಡುವು ಗಡುವೇ, ಹತ್ತಿಸಿ" ಅಂದರು. ನಾನು ಹೋಗಿ ಲಾರಿಯ ಹಲಗೆಯ ಮೇಲೆ ಕೂತುಬಿಟ್ಟೆ. ಇನ್ನೇನು ಮಾಡಬೇಕೋ ಹೊಳೆಯಲಿಲ್ಲ. "ಏಳೋ, ಕೆಲಸ ಬೇಡವಾ?" ಅಂತ ಮಾಲೀಕರು ಕೂಗಿದರು.

ಆಗ ಭಾವ ಬಾಯಿ ತೆರೆದರು. ನಿನಗೆ ಗೊತ್ತಲ್ಲ, ದನಿ ಏರಿಸುವುದಿಲ್ಲ, ಪ್ರತಿ ಪದವನ್ನೂ ಒರೆಸಿ ಇಡುತ್ತಾರೆ. "ಆಗಲಿ, ಹತ್ತಿಸೋಣ. ಆದರೆ ಇದಕ್ಕೆ ಹುಣ್ಣು ಬಂದದ್ದು ಇದರ ದೋಷದಿಂದಲ್ಲ, ನಿಮ್ಮ ಕೈಗಡಿಯಾರದಿಂದ. ಅದೇ ಗಡಿಯಾರ ಉಳಿದ ಆರು ಕುದುರೆಗಳಿಗೂ ಇದೆ. ನಳಿಕೆ ನನ್ನ ಕಾರಿನಲ್ಲೇ ಇದೆ, ಇವರೆಲ್ಲರ ಎದುರಿಗೇ ಒಂದೊಂದಾಗಿ ಇಳಿಸಿ ನೋಡುತ್ತೇನೆ. ಲಾರಿ ಏಳು ಸಲ ಬರಬೇಕಾಗಬಹುದು. ಎಂಟನೆಯ ಸಲ ನಿಮ್ಮ ಬೋರ್ಡು ಹೊತ್ತುಕೊಂಡು ಹೋಗಲಿ."

ಬೇಲಿಯ ಹತ್ತಿರ ಒಬ್ಬ ತಾಯಿ, "ಹೌದಾ? ಇವಕ್ಕೆ ದಿನಕ್ಕೆ ಎರಡೇ ಸಲನಾ ಊಟ?" ಅಂತ ಜೋರಾಗಿಯೇ ಕೇಳಿದಳು. ಮಾಲೀಕರು ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. "ಡಾಕ್ಟರು ಹೇಳಿದ ಮೇಲೆ ಮುಗಿಯಿತಲ್ಲ" ಅಂತ ಆಫೀಸಿನೊಳಗೆ ಹೋದರು. ಲಾರಿ ಖಾಲಿ ಹೋಯಿತು.

ಆ ನಾಲಿಗೆ ಮೊದಲ ಸಲ ನನ್ನನ್ನು ಬಿಟ್ಟು ಬೇರೆಯವರ ಕಡೆ ತಿರುಗಿದ್ದನ್ನು ನೋಡಿದೆ. ಎಂಥ ಕೆಲಸಗಾರಿಕೆ! ಒಂದೇ ಒಂದು ಮಾತು ತಪ್ಪಿರಲಿಲ್ಲ. ಕೇಳಬಾರದು, ಆದರೂ ಕೇಳುತ್ತೇನೆ. ಇಷ್ಟು ಸರಿಯಾಗಿ ಮಾತಾಡುವ ಮನುಷ್ಯನನ್ನು ನೀನು ಯಾಕೆ ಬಿಟ್ಟೆ?

ಕಾರು ಹತ್ತುವಾಗ "ಹೇಗಿದ್ದಾಳೆ?" ಅಂದರು. "ಇವತ್ತು ಐದು ಕಿಲೋ ಹುಲ್ಲು ತಿಂದಳು" ಅಂದೆ. "ಕುದುರೆಯ ವಿಷಯವಲ್ಲ" ಅಂದು ಬಾಗಿಲು ಹಾಕಿಕೊಂಡರು.

ನಿನ್ನ ತಮ್ಮ


ಮಾರ್ಚ್ 18

ತಮ್ಮಾ,

ಕಾಗದವನ್ನು ಕೌಂಟರಿನಲ್ಲೇ ನಿಂತು ಓದಿದೆ. ಲಾರಿಯ ಹಲಗೆಯ ಮೇಲೆ ನೀನು ಕೂತ ಜಾಗ ಬಂದಾಗ ಕನ್ನಡಕದಮ್ಮ ನನಗೆ ಸ್ಟೂಲು ತಂದು ಹಾಕಿದಳು.

ನಿನ್ನ ಪ್ರಶ್ನೆಗೆ ಉತ್ತರ: ಸರಿಯಾಗಿ ಮಾತಾಡುತ್ತಾರೆ ಅಂತಲೇ ಬಿಟ್ಟದ್ದು. ತಪ್ಪು ಮಾತಾಡಿದ್ದರೆ ಜಗಳವಾಡಿಕೊಂಡಾದರೂ ಇರಬಹುದಿತ್ತು. ಊಟಕ್ಕೆ ಕೂತಾಗ, ಬಟ್ಟೆ ಮಡಚುವಾಗ, ನೆಂಟರ ಮನೆಯಿಂದ ಬರುವ ದಾರಿಯಲ್ಲಿ, ಹನ್ನೊಂದು ವರ್ಷ ನನ್ನ ಬಗ್ಗೆ ಆ ಮನುಷ್ಯ ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ನೀನು ಐದು ನಿಮಿಷ ಕೇಳಿ ಚಪ್ಪಾಳೆ ತಟ್ಟಿದೆ.

ಪೇಸ್ಟನ್ನು ಒಮ್ಮೆಲೇ ನಿಲ್ಲಿಸಬೇಡ, ಆಮ್ಲ ಉಕ್ಕಿ ಬರುತ್ತದೆ. ದಿನ ದಿನಕ್ಕೆ ಇಳಿಸುತ್ತ ಬಾ. ಇಷ್ಟು ಎರಡು ಕಾಲಿನವರಿಗೂ ಅನ್ವಯಿಸುತ್ತದೆ, ಅದಕ್ಕೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಬರುವ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಅವಳನ್ನು ನೋಡಲು ಬರುತ್ತೇನೆ. ಅವರು ಬರುವ ದಿನ ಅದೇ ಆದರೆ ಮೊದಲೇ ತಿಳಿಸು, ನಾನು ಬರುವುದಿಲ್ಲ. ಅವರು ಬರದಿದ್ದರೂ ಮೊದಲೇ ತಿಳಿಸು. ಯಾವ ಸೀರೆ ಉಡಬೇಕು ಅಂತ ಗೊತ್ತಾಗಬೇಕಲ್ಲ.

ಅಕ್ಕ